ಮೊದಲ ಪ್ರಶ್ನೆ ನಮ್ಮೆಜಮಾನರದು

ನಮ್ಮೆಜಮಾನರು ದರ್ಜಿ. ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರು, ಜೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ನಮ್ಮ ಅಂಗಡಿ. ಒಂದು ಹೊಲಿಗೆ ಮಿಷನ್ನು, ಒಂದು ಕತ್ತರಿಸುವ ಮೇಜು, ಬಾಗಿಲ ಹತ್ತಿರ ನನ್ನ ಸ್ಟೂಲು. ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಪ್ಯಾಂಟಿನ ಕಾಲಂಚಿಗೆ ಕೈಹೊಲಿಗೆ ಹಾಕುವುದು ನನ್ನ ಪಾಲು. ಮಿಷನ್ನು ನಿಂತಾಗ ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ಮಿಷನ್ನು ಓಡುವಾಗಲೂ ಮಾತಾಡುತ್ತಾರೆ, ಆಗಲೂ ಕೇಳಬೇಕು. ಮದುವೆಯಾಗಿ ನಲವತ್ತೊಂದು ವರ್ಷ ಹೀಗೇ ನಡೆದಿದೆ. ನಾನು ಓದಿದ್ದು ಐದನೇ ಕ್ಲಾಸು, ಅವರು ನಾಲ್ಕು. ಆ ಒಂದು ಕ್ಲಾಸಿನ ಹೆಚ್ಚುಗಾರಿಕೆಯನ್ನು ನಾನು ಯಾವತ್ತೂ ಎತ್ತಿ ಆಡಿಲ್ಲ, ಅವರು ಯಾವತ್ತೂ ಮರೆತಿಲ್ಲ.

ಅವರು ಶಾಲೆ ಬಿಟ್ಟದ್ದು ಒಂದು ಪ್ರಶ್ನೆಯಿಂದ. ಭೂಮಿಯ ಸುತ್ತಳತೆ ಇಷ್ಟು ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದರಂತೆ. ಇವರು ಎದ್ದು ನಿಂತು, "ಅಳತೆ ತೆಗೆದದ್ದು ಯಾರು ಸಾರ್?" ಅಂದರಂತೆ. "ನಿಮ್ಮಪ್ಪ!" ಅಂದರು ಮೇಷ್ಟ್ರು. ಮನೆಯಲ್ಲಿ ಅಪ್ಪ ನಿಜವಾಗಿಯೂ ಟೇಪು ಹಿಡಿದು ಅಳತೆ ತೆಗೆಯುವವರೇ ಆಗಿದ್ದರಿಂದ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸಂಜೆವರೆಗೆ ನಿಲ್ಲಿಸಿದರು. ಮರುದಿನ ಇವರು ಶಾಲೆಗೆ ಹೋಗದೆ ಅಪ್ಪನ ಮಿಷನ್ನಿನ ಹತ್ತಿರ ಕೂತವರು, ಕೂತೇ ಬಿಟ್ಟರು. ಆಮೇಲೆ ಐವತ್ತು ವರ್ಷ ನಾಲ್ಕು ಜನರ ಮುಂದೆ ಏನನ್ನೂ ಕೇಳಲಿಲ್ಲ. "ಕಾಲರ್ ಯಾವುದಿಡಲಿ, ಜೇಬು ಒಂದೋ ಎರಡೋ" ಅಷ್ಟೇ.

ಹತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯದವರು ದೊಡ್ಡ ಹಾಲಿನಲ್ಲಿ ಬುಧವಾರ ಭಾಷಣ, ಶನಿವಾರ ಸಿನಿಮಾ ಅಂತ ಶುರುಮಾಡಿದರು. ಸಂಜೆ ಐದಕ್ಕೆ, ಯಾರು ಬೇಕಾದರೂ ಬರಬಹುದು. ಹಾಲಿಗೆ ಎಂಟು ಎತ್ತರದ ಕಿಟಕಿ. ಇಳಿಬಿಸಿಲು ನೇರ ಸಿನಿಮಾದ ಪರದೆಗೇ ಹೊಡೆಯುತ್ತಿತ್ತಂತೆ. ಕಪ್ಪು ಬಟ್ಟೆ ಎರಡು ಪದರ ಹಾಕಿ ಕಿಟಕಿಗಳಿಗೆ ಕರ್ಟನ್ ಹೊಲಿದುಕೊಡಿ ಅಂತ ಇವರಿಗೆ ಹೇಳಿದರು. ಹೊಲಿದು, ತೂಗುಹಾಕಿ, ಎಲ್ಲಾದರೂ ಬೆಳಕು ಸೋರುತ್ತದೋ ನೋಡೋಣವೆಂದು ಸಿನಿಮಾ ಶುರುವಾಗುವ ತನಕ ಅಲ್ಲೇ ಇದ್ದರು. ಮಗಳು ಆವತ್ತು ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿದ್ದಳು, ಮನೆ ಬಿಕೋ ಅನ್ನುತ್ತಿತ್ತು. ನನಗೂ ಫೋನು ಮಾಡಿ "ಬಾರೇ, ಕುರ್ಚಿ ಬೇಕಾದಷ್ಟು ಖಾಲಿ ಇದಾವೆ" ಅಂದರು. ಹೋದೆ.

ಒಬ್ಬ ಕೆಳದರ್ಜೆ ಗುಮಾಸ್ತನ ಕಥೆ ಅದು. ಸಿನಿಮಾ ಮುಗಿದ ಮೇಲೆ ಬೇರೆ ಊರಿನಿಂದ ಬಂದ ಒಬ್ಬ ಮೇಷ್ಟ್ರು ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಿ" ಅಂದರು. ಯಾರೂ ಕೇಳಲಿಲ್ಲ. ಆ ಮೌನ ನೋಡಿದವರಿಗೇ ಗೊತ್ತು. ಒಬ್ಬರು ಚಪ್ಪಲಿ ನೋಡುತ್ತಾರೆ, ಒಬ್ಬರು ಕನ್ನಡಕ ಒರೆಸುತ್ತಾರೆ, ವೇದಿಕೆ ಮೇಲಿದ್ದವರು ನೀರಿಲ್ಲದ ಲೋಟವನ್ನು ಎತ್ತಿ ಕುಡಿಯುತ್ತಾರೆ. ಆಗ ನನ್ನ ಪಕ್ಕದ ಕುರ್ಚಿ ಧಡ್ ಅಂತ ಮಡಿಸಿಕೊಂಡಿತು. ನೋಡಿದರೆ ಇವರು ಎದ್ದು ನಿಂತಿದ್ದಾರೆ!

"ಸಾರ್, ಆ ಗುಮಾಸ್ತ ಕೋರ್ಟಿಗೆ ಹೋಗುವಾಗ ಕೋಟಿಗೆ ಮೂರು ಗುಂಡಿ ಇತ್ತು. ವಾಪಸ್ ಬರುವಾಗ ಎರಡೇ. ಅದು ಬೇಕಂತಲೇ ಮಾಡಿದ್ದಾ, ಮರೆತದ್ದಾ?"

ಹಾಲು ನಕ್ಕಿತು. ಇವರ ಕಿವಿ ಕೆಂಪಾಯಿತು, ನಾನು ಅಂಗಿ ಜಗ್ಗಿದೆ. ಆದರೆ ವೇದಿಕೆಯ ಮೇಷ್ಟ್ರು ನಗಲಿಲ್ಲ. "ನಾನು ಈ ಸಿನಿಮಾ ಹನ್ನೊಂದು ಸಲ ನೋಡಿದ್ದೇನೆ. ಇದನ್ನು ನೋಡಿಯೇ ಇರಲಿಲ್ಲ" ಅಂದರು. ಅಷ್ಟು ಸಾಕಾಯಿತು, ಹತ್ತು ಕೈ ಮೇಲೆದ್ದವು. ಕಾರ್ಯಕ್ರಮ ನಡೆಸುವ ಮೇಡಂ ಬಾಗಿಲಲ್ಲಿ ನಮ್ಮನ್ನು ತಡೆದು, "ಯಜಮಾನ್ರೇ, ಇನ್ಮೇಲೆ ಮೊದಲ ಪ್ರಶ್ನೆ ನಿಮ್ದೇ. ಒಬ್ಬರು ಬಾಯಿ ಬಿಟ್ಟರೆ ಉಳಿದವರೂ ಬಿಡ್ತಾರೆ" ಅಂದರು.

ಮೇಡಂ ಹೇಳಿದ್ದು ಲೋಕಾಭಿರಾಮವಾಗಿ. ಇವರು ತಗೊಂಡದ್ದು ನೌಕರಿಯ ಆರ್ಡರಿನ ಹಾಗೆ.

ಎಂಟು ವರ್ಷ ಆ ನೌಕರಿಯನ್ನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಮಫ್ಲರ್ ಸುತ್ತಿಕೊಂಡು ಹೋಗಿ ಕೇಳಿದರು. ತಿಂಗಳ ಪಟ್ಟಿ ಬಂತೆಂದರೆ ಕತ್ತರಿಸುವ ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಪ್ರಶ್ನೆ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯುತ್ತಿದ್ದರು. ಊಟಕ್ಕೆ ಕೂತಾಗ ನನಗೆ ಒಪ್ಪಿಸುತ್ತಿದ್ದರು. ವರ್ಷ ಕಳೆದಂತೆ ಪ್ರಶ್ನೆ ಉದ್ದವಾಗುತ್ತಾ ಹೋಯಿತು. ಹಾಲಿನಲ್ಲಿ ಕೇಳಿದ ಮಾತೆಲ್ಲ ಅದರೊಳಕ್ಕೆ ಸೇರತೊಡಗಿತು. 'ಆಯಾಮ' ಅಂದರು, 'ಪ್ರಸ್ತುತತೆ' ಅಂದರು. ಗುಂಡಿ, ಕಾಜಾ ಎಲ್ಲ ಮಾಯ.

"ರೀ, ತೋಳು ಉದ್ದ ಆಯ್ತು. ಸ್ವಲ್ಪ ಕತ್ತರಿಸಿ."

"ನಿನಗೇನ್ ಗೊತ್ತಾಗುತ್ತೆ? ಐದನೇ ಕ್ಲಾಸು ಓದಿದವಳು ನೀನು!"

ಹೀಗಿರುವಾಗ ನರ್ಸಮ್ಮ ಬಂದಳು.

ಆಕೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ನಮ್ಮ ಅಂಗಡಿಯಿಂದ ಮೂರು ಮನೆ ಆಚೆ ಮಹಡಿಯಲ್ಲಿ ಬಾಡಿಗೆಗೆ ಬಂದಳು. ಒಂಟಿ ಜೀವ, ಗಟ್ಟಿ ದನಿ. ಒಂದು ಬುಧವಾರ ಹಾಲಿಗೂ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಅವತ್ತು ಹಕ್ಕಿಗಳ ಮೇಲೆ ಭಾಷಣ. ಚಳಿಗಾಲಕ್ಕೆ ದೂರದಿಂದ ಒಂದು ಕೆರೆಗೆ ಇಷ್ಟು ಲಕ್ಷ ಹಕ್ಕಿ ಬರುತ್ತವೆ ಅಂದರು ಭಾಷಣದವರು. ಮುಗಿಯಿತು, ಮೌನ ಬಿತ್ತು. ಇವರು ಎದ್ದು, ಅಂಗಿಯ ಮುಂಭಾಗ ಎಳೆದು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೈಕು ಇನ್ನೂ ಎರಡು ಸಾಲು ಆಚೆ ಇತ್ತು. ಹಿಂದಿನಿಂದ ಆಕೆಯ ದನಿ ಬಂತು.

"ಅಷ್ಟು ಲಕ್ಷ ಅಂತ ಎಣಿಸಿದ್ದು ಯಾರು ಸಾರ್?"

ಭಾಷಣದವರ ಮುಖ ಅರಳಿಬಿಟ್ಟಿತು. ವೇದಿಕೆಯಿಂದ ಇಳಿದೇ ಬಂದರು. ಹೇಗೆ ಎಣಿಸುತ್ತಾರೆ, ಎಷ್ಟು ಜನ ಬೇಕು, ಒಂದು ಸಲ ಹೇಗೆ ತಪ್ಪಿತು ಅಂತ ಕೈಕಾಲು ಆಡಿಸಿಕೊಂಡು ಇಪ್ಪತ್ತು ನಿಮಿಷ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಇವರು ನಿಂತೇ ಇದ್ದರು. ಆಮೇಲೆ ಮೈಕು ಕೈಗೆ ಬಂದಾಗ "ಏನಿಲ್ಲ" ಅಂದು ಕೂತರು.

ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಗೋಡೆ ಕಡೆ ಮುಖ ಮಾಡಿ ಕೂತರು. ಬಡಿಸಿದೆ, ಏಳಲಿಲ್ಲ.

"ಅದು ನನ್ನ ಪ್ರಶ್ನೆ ಕಣೇ."

"ಯಾವುದು?"

"ಎಣಿಸಿದ್ದು ಯಾರು ಅನ್ನೋದು. ಅಳತೆ ತೆಗೆದದ್ದು ಯಾರು ಅಂತ ನಾನು ನಾಲ್ಕನೇ ಕ್ಲಾಸಲ್ಲೇ ಕೇಳಿದ್ದೆ. ನನಗೆ ಶಿಕ್ಷೆ. ಅವಳಿಗೆ ಚಪ್ಪಾಳೆ!"

ಪಾಪ ಅನ್ನಿಸಿ ತಟ್ಟೆಯನ್ನು ಅಲ್ಲಿಗೇ ತಂದಿಟ್ಟೆ. ಆದರೆ ಆ ಮರುಕ ಬಹಳ ದಿನ ಉಳಿಯಲಿಲ್ಲ. ಯಾಕೆಂದರೆ ಅವತ್ತಿನಿಂದ ಮನೆಯಲ್ಲಿ, ಅಂಗಡಿಯಲ್ಲಿ, ನಲ್ಲಿ ಹತ್ತಿರ, ಎಲ್ಲಿ ನೋಡಿದರೂ ನರ್ಸಮ್ಮನೇ. ಅವಳು ಏನುಟ್ಟಿದ್ದಳು, ಎಷ್ಟು ಮಾತಲ್ಲಿ ಕೇಳಿದಳು, ಕೇಳಿದ ಮೇಲೆ ಹೇಗೆ ಕೂತಳು. "ಅವಳಿಗೆ ಮೈಕು ಯಾಕೆ ಬೇಕು ಹೇಳು? ಮೂವತ್ತು ವರ್ಷ ಬಸುರಿಯರ ಕಿರುಚಾಟದ ಮೇಲೆ ಮಾತಾಡಿದ ಗಂಟಲು!" ಅನ್ನುತ್ತಿದ್ದರು. "ನಾನು ಗಂಟಲು ಸರಿಮಾಡೋಷ್ಟರಲ್ಲಿ ಅವಳು ಹೆರಿಗೆ ಮಾಡಿಸಿ ಕೈ ತೊಳ್ಕೊಂಡಿರ್ತಾಳೆ." ಹಾಲಿಗೆ ಹೋಗುವ ದಿನ ಬೆಳಗ್ಗೆಯೇ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳತೊಡಗಿದರು. ನನ್ನ ಮದುವೆಯ ದಿನ ಕೂಡ ಇವರ ಅಂಗಿಯ ಬೆನ್ನು ಸುಕ್ಕಾಗಿತ್ತು. ಫೋಟೋ ಇದೆ, ಬೇಕಾದರೆ ತೋರಿಸುತ್ತೇನೆ.

ನಿಜ ಹೇಳುತ್ತೇನೆ. ಇವರಿಗೆ ಅವಳ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತೋ, ನನಗೂ ಅಷ್ಟೇ ಇತ್ತು. ಇವರದು ಪ್ರಶ್ನೆಗಾಗಿ. ನನ್ನದು, ಇಷ್ಟು ವರ್ಷದಲ್ಲಿ ನನ್ನ ಒಂದು ಮಾತನ್ನಾದರೂ ಈ ಮನುಷ್ಯ ಹೀಗೆ ತಿರುಗಿಸಿ ಮುರುಗಿಸಿ ನೆನೆದದ್ದುಂಟಾ ಅಂತ.

ಇವರು ಏನೇನು ಮಾಡಲಿಲ್ಲ? ಮೈಕು ಮೊದಲು ಬರುವ ಬದಿಯ ಕುರ್ಚಿಗೆ ಬದಲಾಯಿಸಿದರು. ಭಾಷಣ ಮುಗಿಯುವ ಮುಂಚೆಯೇ ಅರ್ಧ ಎದ್ದು ಕಾಯತೊಡಗಿದರು. ಒಮ್ಮೆ ಭಾಷಣದವರು ನೀರು ಕುಡಿಯಲು ನಿಲ್ಲಿಸಿದ್ದನ್ನು ಮುಗಿಯಿತು ಅಂದುಕೊಂಡು ಪ್ರಶ್ನೆ ಶುರುಮಾಡಿಯೇಬಿಟ್ಟರು. ನರ್ಸಮ್ಮ ಮಾತ್ರ ಇದು ಯಾವುದೂ ತಿಳಿಯದವಳ ಹಾಗೆ ಎದುರು ಸಿಕ್ಕಾಗಲೆಲ್ಲ "ಟೈಲರಣ್ಣ, ಇವತ್ತಿನ ನಿಮ್ಮ ಪ್ರಶ್ನೆ ಭಾರಿ ಇತ್ತು. ನನಗೆ ಅರ್ಧ ಅರ್ಥ ಆಗ್ಲಿಲ್ಲ" ಅನ್ನುತ್ತಿದ್ದಳು. ಹೊಗಳಿದ್ದೋ ಚುಚ್ಚಿದ್ದೋ ಎಂದು ಇವರು ಎರಡು ದಿನ ತಲೆ ಕೆಡಿಸಿಕೊಳ್ಳುತ್ತಿದ್ದರು.

ಹೋದ ವರ್ಷದ ಮಾತು. ತಿಂಗಳ ಪಟ್ಟಿಯಲ್ಲಿ ಒಂದು ಸಿನಿಮಾ ಹಾಕಿದ್ದರು. ದೊಡ್ಡಾಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಒಂದು ಇಡೀ ದಿನ ಏನೇನು ನಡೆಯುತ್ತದೆ ಅನ್ನುವುದೇ ಸಿನಿಮಾ, ಮುಕ್ಕಾಲು ಗಂಟೆಯದು. ತೆಗೆದ ಹೆಣ್ಣುಮಗಳೇ ಬರುತ್ತಾಳೆ, ಮಾತಾಡುತ್ತಾಳೆ. ನರ್ಸಮ್ಮ ಆ ಪಟ್ಟಿ ಹಿಡಿದುಕೊಂಡು ಬೀದಿಯವರಿಗೆಲ್ಲ ತೋರಿಸಿದಳು. "ನಮ್ಮ ವಾರ್ಡು ಸಿನಿಮಾದಲ್ಲಿ!" ಅಂತ ನೋಡದವರಿಗೂ ಕರೆದು ತೋರಿಸಿದಳು.

ಇವರು ಅವತ್ತು ಒಂದು ಕೋಟಿನ ತೋಳನ್ನು ತಿರುವುಮುರುವು ಹೊಲಿದು ಬಿಚ್ಚಿದರು. "ಶನಿವಾರ ಅವಳದೇ. ನನ್ನನ್ನು ಯಾರೂ ತಿರುಗಿಯೂ ನೋಡಲ್ಲ. ಅವಳು ಬಂದು ಒಂದು ಸಲ ಕೇಳಿದ್ರೆ, ಮೇಡಂ ಇನ್ಮೇಲೆ ಮೊದಲ ಪ್ರಶ್ನೆ ನರ್ಸಮ್ಮಂದು ಅಂದ್ಬಿಡ್ತಾರೆ. ನೋಡ್ತಿರು."

ಶುಕ್ರವಾರ ಮಧ್ಯಾಹ್ನ ಮೇಡಂ ಫೋನು ಬಂತು. ಸಿನಿಮಾ ತೆಗೆದವಳಿಗೆ ಸಂಜೆ ಏಳಕ್ಕೆ ರೈಲಂತೆ, ಐದರ ಬದಲು ನಾಲ್ಕಕ್ಕೇ ಶುರು. "ದಿನಾ ಬರೋರೆಲ್ಲ ನಿಮ್ಮ ಅಂಗಡಿ ಮುಂದೆಯೇ ಹೋಗೋದಲ್ವಾ, ನೀವೇ ಹೇಳಿಬಿಡಿ ಯಜಮಾನ್ರೇ." ಇವರು ಹೇಳಿದರು. ಜೆರಾಕ್ಸಿನವನಿಗೆ, ನಿವೃತ್ತ ಹೆಡ್ಮಾಸ್ತರರಿಗೆ, ಔಷಧಿ ಅಂಗಡಿಯವರಿಗೆ, ಸಿನಿಮಾದ ಹೊತ್ತಿಗೆ ನಿದ್ದೆ ಮಾಡಲು ಮಾತ್ರ ಬರುವ ಅವರ ಬಾವಮೈದುನನಿಗೂ ಹೇಳಿದರು.

ಸಂಜೆ ನರ್ಸಮ್ಮ ಬಂದಳು. ಇವರು ಒಬ್ಬರ ಕೋಟಿಗೆ ಪಿನ್ನು ಹಾಕುತ್ತಿದ್ದರು, ತುಟಿಗಳ ನಡುವೆ ನಾಲ್ಕೈದು ಗುಂಡುಪಿನ್ನು.

"ಟೈಲರಣ್ಣ, ನಾಳೆ ಐದಕ್ಕೇ ತಾನೆ?"

"ಹ್ಞೂಂ."

"ನನ್ನ ಜೊತೆ ಕೆಲಸ ಮಾಡಿದ ಇಬ್ಬರನ್ನೂ ಕರ್ಕೊಂಡು ಬರ್ತಿದೀನಿ. ಜಾಗ ಇರುತ್ತಲ್ವಾ?"

"ಹ್ಞೂಂ."

ಅವಳು ಹೋದಳು. ನಾನು ಸೂಜಿ ನಿಲ್ಲಿಸಿ ಇವರ ಮುಖ ನೋಡಿದೆ. ಇವರು ಒಂದೊಂದೇ ಪಿನ್ನು ತೆಗೆದು ಕೋಟಿಗೆ ಚುಚ್ಚಿದರು. ಬಾಯಿ ಖಾಲಿಯಾದ ಮೇಲೂ ಮಾತಾಡಲಿಲ್ಲ. ನಾನು ಬಾಗಿಲಿಗೆ ಹೋಗಿ "ನರ್ಸಮ್ಮಾ, ನಾಲ್ಕಕ್ಕೆ!" ಅಂತ ಒಂದು ಕೂಗು ಹಾಕಬಹುದಿತ್ತು. ಅವಳು ಇನ್ನೂ ಸೈಕಲ್ ಅಂಗಡಿ ದಾಟಿರಲಿಲ್ಲ. ನಾನು ಮತ್ತೆ ಗುಂಡಿ ಹಚ್ಚಲು ಕೂತೆ.

ಶನಿವಾರ ನಾಲ್ಕಕ್ಕೆ ಹಾಲು ತುಂಬಿತ್ತು. ಸಿನಿಮಾ ತೆಗೆದವಳು ಸಣ್ಣ ವಯಸ್ಸಿನವಳು. ಶುರುವಿನಲ್ಲಿ ಐದು ನಿಮಿಷ ಮಾತಾಡಿದಳು. ತಾನು ಆ ವಾರ್ಡಿಗೆ ಯಾಕೆ ಹೋದೆ, ತನ್ನ ಅಮ್ಮ ತನ್ನನ್ನು ಹೆತ್ತದ್ದು ಅಲ್ಲೇ, ಹೆರಿಗೆ ಮಾಡಿಸಿದ ದಾದಿಯ ಹೆಸರು ಅಮ್ಮನಿಗೆ ಕೊನೆವರೆಗೂ ಗೊತ್ತಾಗಲಿಲ್ಲ ಅಂದಳು. ಆಮೇಲೆ ಸಿನಿಮಾ. ನಾನು ಪರದೆ ನೋಡುತ್ತಿದ್ದೆ, ಇವರು ಬಾಗಿಲು ನೋಡುತ್ತಿದ್ದರು. ಬಾಗಿಲು ಸ್ವಲ್ಪ ಅಲುಗಿದರೂ ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಪರದೆಯ ಮೇಲೆ ಮುಖಗಳೇ ಇರಲಿಲ್ಲ, ಕೈಗಳು ಮಾತ್ರ. ತೊಳೆಯುವ ಕೈ, ಒತ್ತುವ ಕೈ, ಮಗುವಿನ ಬೆನ್ನು ತಟ್ಟುವ ಕೈ. ಹಿಂದೆ ಯಾರೋ ಮೂಗು ಒರೆಸಿಕೊಂಡರು. ಇವರು ಗಡಿಯಾರ ನೋಡಿದರು.

ದೀಪ ಹತ್ತಿತು, ಮೌನ ಬಿತ್ತು. ಮೇಡಂ ಹಿಂದಿನ ಸಾಲಿಗೆ ಕಣ್ಣು ಹಾಯಿಸಿದರು. ನರ್ಸಮ್ಮನ ಕುರ್ಚಿ ಖಾಲಿ. ಆಮೇಲೆ ಇವರ ಕಡೆ ನೋಡಿ ತಲೆಯಾಡಿಸಿದರು. ಇವರು ಎದ್ದರು, ಮೈಕು ಬಂತು. ಮೂರು ದಿನ ಮೇಜಿನ ಮೇಲೆ ಬರೆದು ಅಳಿಸಿದ ಪ್ರಶ್ನೆ, ಒಂದಕ್ಷರ ತಪ್ಪದೆ ಒಪ್ಪಿಸಿದರು. ಅದರ ಬಾಲ ಮಾತ್ರ ನನಗೆ ನೆನಪಿದೆ. "ಇಂಥ ಸಿನಿಮಾ ಮಾಡಲು ತಮಗೆ ಪ್ರೇರಣೆ ಏನು?"

"ಅದನ್ನೇ ನಾನು ಶುರುವಿನಲ್ಲಿ ಹೇಳಿದ್ದು ಸಾರ್" ಅಂದಳು ಆ ಹುಡುಗಿ ಮೆಲ್ಲಗೆ. ಬೇಕಂತ ನೋಯಿಸಲಿಲ್ಲ, ಪಾಪ.

ಜನ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ನಿದ್ದೆಗೆ ಬರುವ ಆ ಬಾವಮೈದುನ ಕೂಡ ಎಚ್ಚರವಾಗಿದ್ದು ಇವರನ್ನೇ ನೋಡುತ್ತಿದ್ದ.

ಅವಳೇ ಮಾತು ಮುಂದುವರಿಸಿದಳು. "ನನಗೇ ಒಂದು ಪ್ರಶ್ನೆ ಇದೆ. ಇಲ್ಲಿ ಇಂಥ ವಾರ್ಡಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದೀರಾ?"

"ಒಬ್ಬರಿದ್ದಾರೆ, ಇವತ್ತು ಯಾಕೋ..." ಅಂದರು ಮೇಡಂ. ಅಷ್ಟರಲ್ಲಿ ಬಾಗಿಲು ತೆರೆಯಿತು. ನರ್ಸಮ್ಮ. ಮಡಿಕೆ ಮುರಿಯದ ಬಿಳಿ ಬಟ್ಟೆ, ಹಿಂದೆ ತನ್ನದೇ ವಯಸ್ಸಿನ ಇಬ್ಬರು ಹೆಂಗಸರು. ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ.

"ಇನ್ನೂ ಶುರುವಾಗಿಲ್ಲ ತಾನೆ? ನಾವೇ ಬೇಗ ಬಂದ್ವಾ?"

ಮೇಡಂ ಮುಖ ಪೆಚ್ಚಾಯಿತು. "ನಾಲ್ಕಕ್ಕೇ ಆಯ್ತಲ್ಲಮ್ಮ. ಯಾರೂ ಹೇಳಲಿಲ್ವಾ?"

ನರ್ಸಮ್ಮ ನೇರ ಇವರನ್ನು ನೋಡಿದಳು. ಇವರ ಕೈಯಲ್ಲಿ ಇನ್ನೂ ಮೈಕು. "ನಾನು..." ಅಂದರು. ಅದು ಇಡೀ ಹಾಲಿಗೆ ಕೇಳಿಸಿತು. ಅವಳು ಅಷ್ಟಕ್ಕೇ ತಡೆದಳು. "ಟೈಲರಣ್ಣ ಹೇಳಿದ್ರು, ನನಗೇ ಮರೆತುಹೋಯ್ತು. ವಯಸ್ಸಾಯ್ತು ನೋಡಿ."

ನನ್ನ ಗಂಡನ ಮುಖ ಆಗ ಹೇಗಾಯಿತು ಅಂತ ನಾನು ಹೇಳಲಾರೆ. ಅವಮಾನವಾದಾಗಲೂ ಆ ಮುಖ ನೋಡಿದ್ದೇನೆ, ಹಸಿವಾದಾಗಲೂ ನೋಡಿದ್ದೇನೆ. ಇದು ಬೇರೆ. ಇದನ್ನೂ ಅವಳೇ ಗೆದ್ದಳಲ್ಲ ಅನ್ನುವ ಉರಿ. ಮೈಕನ್ನು ಬಾಯಿಗೆ ಹಿಡಿದು ಗದರಿಸುವ ದನಿಯಲ್ಲಿ ಆ ಹುಡುಗಿಯನ್ನು ಕೇಳಿದರು.

"ಅಮ್ಮಾ, ನಿಮ್ಮ ರೈಲು ಏಳಕ್ಕೆ ತಾನೆ? ಸ್ಟೇಷನ್ನಿಗೆ ಒಂದು ಗಂಟೆ. ಮುಕ್ಕಾಲು ಗಂಟೆ ಸಿನಿಮಾ. ಇನ್ನೊಂದು ಸಲ ಹಾಕೋಕೆ ಆಗುತ್ತಾ, ಇಲ್ವಾ?"

ಆ ಗುಂಡಿಯ ಪ್ರಶ್ನೆ ಬಿಟ್ಟರೆ ಒಂಬತ್ತು ವರ್ಷದಲ್ಲಿ ಮೇಜಿನ ಮೇಲೆ ಬರೆಯದೆ ಇವರು ಕೇಳಿದ ಪ್ರಶ್ನೆ ಅದೊಂದೇ ಇರಬೇಕು.

ಹಾಕಿದರು. ಹೋಗಬೇಕಾದವರು ಹೋದರು, ಅರ್ಧ ಹಾಲು ಕೂತಿತು. ನರ್ಸಮ್ಮನೂ ಅವಳ ಇಬ್ಬರು ಗೆಳತಿಯರೂ ಮುಂದಿನ ಸಾಲಿನಲ್ಲಿ ಕೂತು, ಸಿನಿಮಾ ಉದ್ದಕ್ಕೂ ಬಾಯಿ ಮುಚ್ಚಲಿಲ್ಲ. "ಅಯ್ಯೋ, ಆ ಕೈ ಹಾಗೆ ಹಿಡೀಬಾರದು ಕಣೇ!" "ಹೊಸಬಳು, ಕಲೀತಾಳೆ ಬಿಡೇ." ಆ ಹುಡುಗಿ ಪರದೆ ಬಿಟ್ಟು ಆ ಮೂವರ ಪಕ್ಕ ನೆಲದ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಂಡಳು. ಈ ಸಲ ನಮ್ಮೆಜಮಾನರೂ ಸಿನಿಮಾ ನೋಡಿದರು. ಮುಗಿಯುವಾಗ ಆರಕ್ಕೆ ಕಾಲು ಗಂಟೆ ಇತ್ತು. ಆ ಹುಡುಗಿ ರೈಲಿಗೆ ಓಡಿದಳು. ನರ್ಸಮ್ಮನಿಗೆ ತನ್ನ ಪ್ರಶ್ನೆ ಕೇಳಲು ಹೊತ್ತೇ ಸಿಗಲಿಲ್ಲ.

ಸೋಮವಾರ ನರ್ಸಮ್ಮ ಅಂಗಡಿಗೆ ಬಂದು ಕತ್ತರಿಸುವ ಮೇಜಿಗೆ ಒರಗಿದಳು.

"ಟೈಲರಣ್ಣ, ಅವತ್ತು ಬಾಯಲ್ಲಿ ಪಿನ್ನಿತ್ತು, ಅಲ್ವಾ?"

ಇವರು ಮಿಷನ್ನು ನಿಲ್ಲಿಸಿದರು. "ಪಿನ್ನೂ ಇತ್ತು. ಹೊಟ್ಟೆಕಿಚ್ಚೂ ಇತ್ತು."

"ಮತ್ತೆ ಹಾಲಲ್ಲಿ ಒಪ್ಪಿಕೊಳ್ಳೋಕೆ ಹೋದ್ರಲ್ಲ?"

"ಒಪ್ಪಿಕೊಳ್ಳೋಕೂ ನೀನು ಬಿಡಲಿಲ್ವಲ್ಲಮ್ಮ! ಒಂದು ತಪ್ಪು ಮಾಡಿದ್ದೆ, ಅದನ್ನೂ ನೀನೇ ಹೊಡ್ಕೊಂಡು ಹೋದೆ!"

ಅವಳು ನಕ್ಕಳು. ಬಹಳ ನಕ್ಕಳು. ನನಗೆ ತಡೆಯಲಿಲ್ಲ. "ನನ್ನ ಬಾಯಲ್ಲಿ ಪಿನ್ನಿರಲಿಲ್ಲ ನರ್ಸಮ್ಮ. ನಾನೂ ಸುಮ್ಮನಿದ್ದೆ" ಅಂದೆ. ಅವಳ ನಗು ನಿಂತಿತು. "ನಿಮಗ್ಯಾಕಕ್ಕ ಹೊಟ್ಟೆಕಿಚ್ಚು? ನೀವು ಪ್ರಶ್ನೆ ಕೇಳೋರಲ್ಲವಲ್ಲ" ಅಂದಳು. ನಾನು ದಾರ ಕಚ್ಚಿ ಕತ್ತರಿಸಿದೆ. ಅವಳಿಗೆ ಅರ್ಥವಾಯಿತೋ ಏನೋ, ಮತ್ತೆ ಕೆದಕಲಿಲ್ಲ.

ಆ ಬುಧವಾರ ಬಾವಿಗಳ ಮೇಲೆ ಭಾಷಣ. ಮುಗಿಯಿತು, ಮೌನ ಬಿತ್ತು. ಮೇಡಂ ಇವರನ್ನು ನೋಡಿದರು. ಇವರು ಏಳಲಿಲ್ಲ, ಹಿಂದೆ ತಿರುಗಿ ನರ್ಸಮ್ಮನನ್ನು ನೋಡಿ 'ನೀನು ಕೇಳು' ಅಂತ ಗದ್ದ ಎತ್ತಿದರು. ಅವಳು ಅಲ್ಲಿಂದ 'ನೀವೇ ಕೇಳಿ' ಅಂತ ಕೈ ತೋರಿಸಿದಳು. ಇವರು ಮತ್ತೆ ಗದ್ದ, ಅವಳು ಮತ್ತೆ ಕೈ. ಇಬ್ಬರಿಗೂ ದೊಡ್ಡತನ ತೋರಿಸುವ ಹಟ. ಅಷ್ಟರಲ್ಲಿ ನಡುವಿನ ಸಾಲಿನಿಂದ ಒಬ್ಬರು ಎದ್ದರು. ಅದೇ ವಾರ ಹೊಸದಾಗಿ ಬಂದವರು, ನಿವೃತ್ತ ಬಸ್ ಕಂಡಕ್ಟರು. ಬಾವಿಯನ್ನು ಮುಚ್ಚುವಾಗ ಹಗ್ಗ, ರಾಟೆ ಎಲ್ಲ ಯಾರ ಮನೆಗೆ ಹೋಗುತ್ತೆ ಅಂತ ಕೇಳಿದರು. ಭಾಷಣದವರು ಕುಣಿದಾಡಿಬಿಟ್ಟರು. ಮೇಡಂ ಬಾಗಿಲಲ್ಲಿ ಕಂಡಕ್ಟರನ್ನು ತಡೆದು ಏನೋ ಹೇಳುತ್ತಿದ್ದರು. ಏನು ಅಂತ ನಮಗೆ ಮೂವರಿಗೂ ಗೊತ್ತಿತ್ತು.

ಮನೆ ಕಡೆ ನಡೆಯುವಾಗ ಇವರೂ ನರ್ಸಮ್ಮನೂ ಮುಂದೆ ಮುಂದೆ, ಬಿರಬಿರನೆ.

"ಅದೂ ಒಂದು ಪ್ರಶ್ನೆನಾ ಟೈಲರಣ್ಣ? ಹಗ್ಗ, ರಾಟೆ!"

"ಟಿಕೆಟ್ ಹರಿದ ಹಾಗೆ ಹರಿದು ಕೊಟ್ಟ, ಅಷ್ಟೇ. ಆಯಾಮ ಬೇಡವಾ?"

"ದನಿ ನೋಡಿದ್ರಾ? ಹೋಗಿ ಹೋಗಿ, ಒಳಗೆ ಹೋಗಿ ಅಂದ ಹಾಗೆ!"

"ಮೇಡಂಗೂ ಬುದ್ಧಿ ಇಲ್ಲ."

"ಇಲ್ಲವೇ ಇಲ್ಲ."

ಇವರು ಯಾರ ಜೊತೆಯೂ ಇಷ್ಟು ಒಮ್ಮನಸ್ಸಿನಿಂದ ಮಾತಾಡಿದ್ದು ನಾನು ಕಂಡಿಲ್ಲ. ನಾನು ಹತ್ತು ಹೆಜ್ಜೆ ಹಿಂದೆ. ಅಂಗಡಿಯ ತಿರುವಿನಲ್ಲಿ ಇವರಿಗೆ ನನ್ನ ನೆನಪಾಯಿತು. ನಿಂತು ತಿರುಗಿದರು.

"ಬಾರೇ ಬೇಗ. ನೀನೇ ಹೇಳು, ಅದು ಒಂದು ಪ್ರಶ್ನೆನಾ?"

ನಾನು ಅವಸರ ಮಾಡದೆ ಬಂದು ಇಬ್ಬರ ನಡುವೆ ನಿಂತೆ.

"ಚೆನ್ನಾಗಿತ್ತು ರೀ" ಅಂದೆ. "ಚೆನ್ನಾಗೇ ಕೇಳಿದ್ರು."

ಇಬ್ಬರೂ ಗಪ್‌ಚಿಪ್ ಆದರು. ನರ್ಸಮ್ಮ ತನ್ನ ಮಹಡಿ ಮೆಟ್ಟಿಲು ಹತ್ತಿದಳು. ಇವರು ಅಂಗಡಿಯ ಬೀಗ ಎಳೆದು ನೋಡಿದರು, ಹಾಕಿಯೇ ಇತ್ತು. ಊಟಕ್ಕೆ ಕೂತ ಮೇಲೆ, ಎರಡನೇ ಸಲ ಬಡಿಸುವಾಗ ಕೇಳಿದರು.

"ಏನ್ ಚೆನ್ನಾಗಿತ್ತೇ ಅದರಲ್ಲಿ? ನಿಜ ಹೇಳು."